ಪಚಡಿ ನಿಂತ ವರ್ಷ

ಕಳೆದ ಚಳಿಗಾಲದಲ್ಲಿ ಚಿಕ್ಕೋಡಿಯ ಗೆಳತಿಯೊಬ್ಬಳ ಮನೆಗೆ ಊಟಕ್ಕೆ ಹೋಗಿದ್ದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಿದ್ದಂತೆ ಅಡಿಗೆಮನೆಯಿಂದ ಹಸಿ ಮೆಂತ್ಯದ ವಾಸನೆ ಬಂತು. ಅದರ ಹಿಂದೆಯೇ ಹುರಿದ ಗುರೆಳ್ಳು ಕುಟ್ಟುವ ವಾಸನೆ. ಯಾರೂ ಗಮನಿಸದ ಹಾಗೆ ನನ್ನ ಎಡಗೈ ಹೋಗಿ ಬಲಗೈಯ ಹೆಬ್ಬೆರಳನ್ನು ಹಿಡಿದುಕೊಂಡಿತು. ಅದು ಅದುರುತ್ತಿದೆಯೇ ಎಂದು ನೋಡುವ ಅಭ್ಯಾಸ. ಅದುರುತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ಅದುರಿಲ್ಲ. ಆದರೂ ಆ ಎರಡು ವಾಸನೆ ಒಟ್ಟಿಗೆ ಬಂದರೆ ಕೈ ತಾನಾಗಿಯೇ ಹೋಗುತ್ತದೆ, ಮನಸ್ಸು ನನ್ನ ಮದುವೆಯ ಮೊದಲ ವರ್ಷಕ್ಕೆ ಹೋಗುತ್ತದೆ.

ನನ್ನ ತವರು ನಿಪ್ಪಾಣಿ. ಅಪ್ಪ ತಂಬಾಕಿನ ವಖಾರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಮದುವೆ ಮಾಡಿ ಕೊಟ್ಟದ್ದು ರಾಯಬಾಗ ತಾಲ್ಲೂಕಿಗೆ, ದಿಗ್ಗೇವಾಡಿಯ ಹಾದಿಯಲ್ಲಿ ಕೃಷ್ಣೆಗೆ ಹತ್ತಿರದ ಒಂದು ತೋಟದ ಮನೆಗೆ. ಸುತ್ತಲೂ ಕಬ್ಬು, ನಡುವೆ ಮನೆ. ಮನೆಯಲ್ಲಿ ಅತ್ತೆ ಕಾಶವ್ವ, ಮಾವನವರು, ನನ್ನ ಗಂಡ ರಾವಸಾಬ, ನಾನು, ಅಷ್ಟೇ ಮಂದಿ. ಗಂಡನ ಹೆಸರು ಹಿಡಿದು ಕರೆಯುವ ರೂಢಿ ನನಗೆ ಇನ್ನೂ ಬಂದಿಲ್ಲ. ಇಲ್ಲಿಯೂ ನಮ್ಮವರು ಎಂದೇ ಬರೆಯುತ್ತೇನೆ.

ಅತ್ತೆಗೆ ಹಸಿ ಪಲ್ಲೆ ಇಲ್ಲದೆ ರೊಟ್ಟಿ ಇಳಿಯುತ್ತಿರಲಿಲ್ಲ. ಬಾವಿಯ ನೀರು ಹರಿದು ಹೋಗುವ ಕಾಲುವೆಯ ಪಕ್ಕದಲ್ಲಿ ಅವರದೇ ಒಂದು ಸಣ್ಣ ಪಟ್ಟಿ ಇತ್ತು. ಮೆಂತ್ಯ, ಮೂಲಂಗಿ, ಗಜ್ಜರಿ, ಎಳೆ ಉಳ್ಳಾಗಡ್ಡಿ ಎಲ್ಲ ಅಲ್ಲೇ ಬೆಳೆಯುತ್ತಿದ್ದವು; ಬದುವಿನ ಮೇಲೆ ಯಾರೂ ಬಿತ್ತದ ಹಕ್ಕರಕಿ ಸೊಪ್ಪು ಹುಟ್ಟುತ್ತಿತ್ತು. ರೊಟ್ಟಿ ಬಡಿದು ಮುಗಿಯುವ ಹೊತ್ತಿಗೆ ಎದ್ದು ಹೋಗಿ ಒಂದು ಹಿಡಿ ಕಿತ್ತು ತರುತ್ತಿದ್ದರು. ಬೇರಿನ ಮಣ್ಣನ್ನು ಅಂಗೈಗೆ ಬಡಿದು ಉದುರಿಸಿ, ಎಲೆಗಳನ್ನು ಸೆರಗಿನಿಂದ ಒರೆಸಿ, ಈಳಿಗೆಯ ಮುಂದೆ ಕೂರುತ್ತಿದ್ದರು. ನಾನು ತೊಳೆಯಲು ನೀರು ತಂದರೆ ತಡೆಯುತ್ತಿದ್ದರು.

"ನೀರ ಕುಡಿಸಿದ್ರ ಪಲ್ಲೆ ಸಪ್ಪಗಾಗತೈತಿ ವಿದ್ಯಾ. ಹೊಲದಾಗಿಂದ ಸೀದಾ ಬಾಯಾಗ ಬರಬೇಕದು."

ಅವರ ಪಚಡಿಗೆ ಒಂದು ಕ್ರಮವಿತ್ತು. ಹೆಚ್ಚಿದ ಸೊಪ್ಪಿಗೆ ಮೊದಲು ಹಸಿ ಶೇಂಗಾ ಎಣ್ಣೆ ಹಾಕಿ, ಬೆರಳ ತುದಿಯಿಂದಷ್ಟೇ ಆಡಿಸುವುದು. ಎಣ್ಣೆ ಎಲೆಗೆಲ್ಲ ಹತ್ತಿದ ಮೇಲೆ ಉಳ್ಳಾಗಡ್ಡಿ, ಗುರೆಳ್ಳಿನ ಪುಡಿ, ಖಾರ. ಉಪ್ಪು ಎಲ್ಲಕ್ಕಿಂತ ಕೊನೆಗೆ, ಇನ್ನೇನು ಬಡಿಸಬೇಕು ಎನ್ನುವಾಗ. ಮುಂಚೆ ಹಾಕಿದರೆ ಸೊಪ್ಪು ನೀರು ಬಿಟ್ಟು ಸೊರಗಿಬಿಡುತ್ತದೆ. ಲಿಂಬೆ ಬೇಕಾದವರು ತಮ್ಮ ತಾಟಿನಲ್ಲಿ ತಾವೇ ಹಿಂಡಿಕೊಳ್ಳಬೇಕು.

ನನ್ನ ಅವ್ವ ಮಾಡುತ್ತಿದ್ದುದೇ ಬೇರೆ. ನಿಪ್ಪಾಣಿಯಲ್ಲಿ ನಾವು ಅದನ್ನು ಕೋಶಿಂಬಿರಿ ಎನ್ನುತ್ತಿದ್ದೆವು. ಸವತಿಕಾಯಿ ಸಣ್ಣಗೆ ಕೊಚ್ಚಿ, ನೀರು ಹಿಂಡಿ, ಮೊಸರು, ಶೇಂಗಾ ಪುಡಿ, ಒಂದು ಚಿಟಿಕೆ ಸಕ್ಕರೆ, ಮೇಲೆ ಸಾಸಿವೆ ಒಗ್ಗರಣೆ. ಮದುವೆಯಾದ ಹೊಸದರಲ್ಲಿ ಒಂದು ದಿನ ಹಾಗೆ ಮಾಡಿ ಬಡಿಸಿದೆ. ಅತ್ತೆ ಬೆರಳ ತುದಿಯಲ್ಲಿ ತೆಗೆದು ನೆಕ್ಕಿ ನೋಡಿದರು.

"ಇದ ಪಚಡಿ ಅಲ್ಲವಾ, ಪಂಚಾಮೃತ. ದೇವರ ಮುಂದ ಇಡು" ಎಂದರು.

ಮಾವನವರು ನಕ್ಕರು, ನಾನೂ ನಕ್ಕೆ. ನಮ್ಮವರು ಮಾತ್ರ ನಗದೆ ಅದನ್ನೇ ಮತ್ತೆ ಹಾಕಿಸಿಕೊಂಡು ಉಂಡರು. ಆಮೇಲಿನ ದಿನಗಳಲ್ಲಿ ಅತ್ತೆಗೂ ನನಗೂ ನಡುವೆ ಒಂದು ಒಪ್ಪಂದ ತಾನಾಗಿ ಬೆಳೆಯಿತು. ಮಧ್ಯಾಹ್ನದ ರೊಟ್ಟಿಗೆ ಅತ್ತೆಯ ಪಚಡಿ, ಸಂಜೆಯ ಅನ್ನಕ್ಕೆ ನನ್ನ ಕೋಶಿಂಬಿರಿ. ಆರು ತಿಂಗಳು ಹೀಗೆ ಸುಖವಾಗಿಯೇ ಕಳೆದವು. ನಾನೂ ಹಕ್ಕರಕಿಯನ್ನು ರೊಟ್ಟಿಯ ಜೊತೆ ಬರಿದೇ ಜಗಿಯುವುದನ್ನು ಕಲಿತೆ.

ಹಾಗಿರುವಾಗ ಎಳ್ಳ ಅಮಾವಾಸ್ಯೆ ಬಂತು. ಅಂದು ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಎಡೆ ಹಿಡಿದು, ಎಡೆಯ ಅನ್ನವನ್ನು ಬೆಳೆಯಲ್ಲಿ ಚರಗವೆಂದು ಚೆಲ್ಲಿ, ಅಲ್ಲೇ ಸಾಲಾಗಿ ಕುಳಿತು ಉಣ್ಣುತ್ತಾರೆ. ಕಬ್ಬಿನ ಆಚೆ ಒಂದಿಷ್ಟು ಬಿಳಿಜೋಳ ಹಾಕಿದ್ದರು. ಅದು ತೆನೆ ಹಿಡಿದು ನಿಂತಿತ್ತು. ಹೊಸ ಸೊಸೆ ಬಂದ ವರ್ಷವೆಂದು ಅತ್ತೆ ತಮ್ಮ ಕಡೆಯ ನೆಂಟರನ್ನೆಲ್ಲ ಕರೆದಿದ್ದರು. ಅತ್ತೆಯ ಅಣ್ಣ ಶಂಕ್ರಪ್ಪ ಮಾವ ಮುಗಳಖೋಡದಿಂದ ಸಂಸಾರ ಸಮೇತ ಬಂದಿದ್ದರು. ನಮ್ಮ ಮನೆಯ ಯಾವ ದೊಡ್ಡ ಮಾತಿಗೂ ಅವರು ಹೂಂ ಅನ್ನಬೇಕಿತ್ತು.

ಎಡೆ ಹಿಡಿದಾಯಿತು. ಬೇವಿನ ಮರದ ನೆರಳಲ್ಲಿ ಕಂಬಳಿ ಹಾಸಿದರು. ಪಚಡಿಗೆಂದು ದೊಡ್ಡ ಪರಾತದ ತುಂಬ ಮೆಂತ್ಯ, ಉಳ್ಳಾಗಡ್ಡಿ, ತುರಿದ ಗಜ್ಜರಿ ತಂದಿಟ್ಟಿದ್ದರು. ಅತ್ತೆ ಎಣ್ಣೆಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ, "ಇವತ್ತ ಪಚಡಿ ನೀನ ಕಲಸು" ಎಂದರು. ಆ ಕೆಲಸವನ್ನು ಅವರು ಅದುವರೆಗೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲವಂತೆ. ನಾನು ಹಿಗ್ಗಿನಿಂದಲೇ ಕುಳಿತೆ.

ಸೊಪ್ಪಿನೊಳಗೆ ಕೈ ಇಟ್ಟು ಆಡಿಸುತ್ತಿದ್ದಾಗ ಬಲಗೈಯ ಹೆಬ್ಬೆರಳು ಒಮ್ಮೆ ಕುಣಿಯಿತು. ಇರುವೆ ಕಚ್ಚಿರಬೇಕು ಅಂದುಕೊಂಡೆ. ಮತ್ತೆ ಕುಣಿಯಿತು. ಎಡಗೈಯಿಂದ ಅದುಮಿ ಹಿಡಿದರೂ ನಿಲ್ಲಲಿಲ್ಲ. ಅದುರು ಮಣಿಕಟ್ಟಿಗೆ, ಮೊಳಕೈಗೆ ಏರಿತು. ಇಡೀ ಕೈ ನನ್ನದಲ್ಲವೆಂಬಂತೆ ಪರಾತವನ್ನು ಬಡಿಯತೊಡಗಿತು. "ಅತ್ತೀ" ಎಂದು ಕರೆಯಲು ನೋಡಿದೆ, ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ.

ಎಚ್ಚರವಾದಾಗ ಮೂಗಿಗೆ ಜಜ್ಜಿದ ಉಳ್ಳಾಗಡ್ಡಿ ಹಿಡಿದಿದ್ದರು. ಅಂಗೈಯಲ್ಲಿ ಯಾರೋ ಕಬ್ಬಿಣದ ಕೀಲಿಕೈ ಇಟ್ಟು ಮುಷ್ಟಿ ಮಾಡಿಸಿದ್ದರು. ನಾಲಗೆ ಕಡಿದುಕೊಂಡು ಬಾಯಲ್ಲಿ ರಕ್ತದ ರುಚಿ. ಪರಾತ ಜೋಳದ ಸಾಲಿನಲ್ಲಿ ಮಗುಚಿ ಬಿದ್ದಿತ್ತು. ನನ್ನ ತಲೆಗೂದಲಲ್ಲಿ, ಸೀರೆಯ ಮೇಲೆ ಮೆಂತ್ಯದ ಎಲೆಗಳು. ನಮ್ಮವರು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಸುತ್ತ ನಿಂತವರ ನಡುವೆ ಶಂಕ್ರಪ್ಪ ಮಾವನ ಮಾತು ನನಗೆ ಮೊದಲು ಕೇಳಿಸಿತು.

"ಮೂರ್ಛಿ ರೋಗ ಇದು. ಮೊದಲಿಂದ ಇದ್ದೀತು. ಮುಚ್ಚಿ ಕೊಟ್ಟಾರ."

ಬಂದವರು ಉಂಡರೋ ಇಲ್ಲವೋ ನನಗೆ ನೆನಪಿಲ್ಲ. ನನ್ನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿ ಮನೆಗೆ ತಂದರು.

ಮರುದಿನವೇ ಶಂಕ್ರಪ್ಪ ಮಾವ ನಿಪ್ಪಾಣಿಗೆ ಫೋನ್ ಮಾಡಿಸಿದರು. ಅಪ್ಪ, ಅವ್ವ ಬಂದರು. ಪಡಸಾಲೆಯಲ್ಲಿ ಎಲ್ಲರೂ ಕುಳಿತರು. ನನ್ನನ್ನು ಒಳಕೋಣೆಯಲ್ಲಿ ಮಲಗಿಸಿದ್ದರು, ಬಾಗಿಲು ಮಾತ್ರ ತೆರೆದೇ ಇತ್ತು.

"ಸಣ್ಣಾಕಿ ಇದ್ದಾಗ ಬಂದಿತ್ತೇನ್ರಿ? ಖರೇ ಹೇಳ್ರಿ, ನಾವೇನ ಮಂದಿ ಮುಂದ ಹೇಳಾಂಗಿಲ್ಲ" ಎಂದರು ಶಂಕ್ರಪ್ಪ ಮಾವ.

"ಒಮ್ಮೆನೂ ಬಂದಿಲ್ರಿ. ಜ್ವರದಾಗ ಸುದ್ದಾ ಬಂದಿಲ್ಲ. ನನ್ನ ಮಗಳ ಮ್ಯಾಲ ಆಣಿ" ಎಂದಳು ಅವ್ವ.

"ಹಂಗಾದ್ರ ಒಮ್ಮಿಂದೊಮ್ಮೆ ಎಲ್ಲಿಂದ ಬಂತು?"

ಅಪ್ಪ ತಲೆ ತಗ್ಗಿಸಿ ಕುಳಿತಿದ್ದರು, ವಖಾರಿಯಲ್ಲಿ ಧಣಿಗಳ ಮುಂದೆ ಕುಳಿತ ಹಾಗೆ. ಕೊನೆಗೆ ಶಂಕ್ರಪ್ಪ ಮಾವ, ಹುಡುಗಿಯನ್ನು ತವರಿಗೆ ಕರೆದುಕೊಂಡು ಹೋಗಿ, ಪೂರ್ತಿ ಆರಾಮಾದ ಮೇಲೆ ನೋಡೋಣ ಎಂದರು. ಕರೆಸಿಕೊಳ್ಳುತ್ತೇವೆ ಎಂದಲ್ಲ, ಕರೆಸಿಕೊಳ್ಳುವುದಿಲ್ಲ ಎಂದೂ ಅಲ್ಲ, ನೋಡೋಣ ಎಂದರು. ಹಾಗೆ ತವರಿಗೆ ಹೋದವರು ತಿರುಗಿ ಬಂದ ಕಥೆ ನಾನು ಕೇಳಿರಲಿಲ್ಲ. ಅವ್ವನಿಗೂ ಅದು ಗೊತ್ತಿತ್ತು. ಆದರೂ ಅವಳು ನನ್ನ ಪೆಟ್ಟಿಗೆ ಎಲ್ಲಿದೆ ಎಂದು ನೋಡತೊಡಗಿದಳು. ನಾನು ಅವಳ ಮುಂದೆ ಇದ್ದರೆ ಸಾಕು ಎನ್ನಿಸಿರಬೇಕು.

ನಮ್ಮವರು ಅಂದು ಮೊದಲ ಸಲ ಸೋದರಮಾವನ ಎದುರು ಮಾತಾಡಿದರು. "ಮೊದಲ ಮಿರಜಕ್ಕ ಕರಕೊಂಡ ಹೋಗಿ ತೋರಿಸಿಕೊಂಡ ಬರತೇನಿ. ಆಮ್ಯಾಲ ಮಾತಾಡೂನು."

ಅತ್ತೆ ಎದ್ದು ಅಡಿಗೆಮನೆಗೆ ಹೋದರು. ಅದರ ಅರ್ಥವೇನೆಂದು ನಾನು ಮಲಗಿದಲ್ಲೇ ತುಂಬ ಯೋಚಿಸಿದೆ, ತಿಳಿಯಲಿಲ್ಲ.

ಮಿರಜಿಗೆ ಹೋಗುವ ಮುಂಚೆಯೇ ಇನ್ನೊಂದು ಸಲ ಬಂತು, ಅಂಗಳದಲ್ಲಿ, ಬಟ್ಟೆ ಒಣಹಾಕುವಾಗ. ಮತ್ತೆ ಅದೇ ಹೆಬ್ಬೆರಳು. ಅಂದಿನಿಂದ ನನಗೆ ಒಲೆಯ ಹತ್ತಿರ ಹೋಗುವಂತಿಲ್ಲ, ಬಾವಿಯ ಹತ್ತಿರ ಹೋಗುವಂತಿಲ್ಲ, ಈಳಿಗೆ ಮುಟ್ಟುವಂತಿಲ್ಲ. ಅವೆಲ್ಲ ನನ್ನ ಒಳ್ಳೆಯದಕ್ಕೇ ಎಂದು ಗೊತ್ತಿದ್ದರೂ, ಅಡಿಗೆಮನೆಯ ಹೊಸ್ತಿಲ ಹೊರಗೆ ಕುಳಿತು ಇನ್ನೊಬ್ಬರು ಹೆಚ್ಚುವುದನ್ನು ನೋಡುತ್ತಿದ್ದರೆ, ಈ ಮನೆಯಲ್ಲಿ ನನಗೆ ಉಳಿದಿರುವ ಕೆಲಸವೇನು ಎನ್ನಿಸುತ್ತಿತ್ತು.

ಮಿರಜಿನ ದವಾಖಾನೆಯಲ್ಲಿ ತಲೆಯ ಫೋಟೋ ತೆಗೆದರು. ಹೆಣ್ಣು ಡಾಕ್ಟರು, ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದರು; ನಮ್ಮವರ ವಯಸ್ಸಿನವರೇ. ಮರಾಠಿಯಲ್ಲಿ ಶುರುಮಾಡಿ, ನಮ್ಮ ಮುಖ ನೋಡಿ ಕನ್ನಡಕ್ಕೆ ಬಂದರು. ಫೋಟೋದಲ್ಲಿ ಒಂದು ಸಣ್ಣ ಬಿಳಿ ಉಂಗುರದ ಮೇಲೆ ಬೆರಳಿಟ್ಟರು.

"ಇದು ಹುಳದ ಗಂಟು. ಹೆದರಬ್ಯಾಡ್ರಿ, ಗುಳಿಗಿಯಿಂದ ಕರಗತೈತಿ. ಆದರ ಫಿಟ್ಸಿನ ಗುಳಿಗಿ ಬಹಳ ದಿನ ತಗೋಬೇಕಾಗತೈತಿ, ಒಂದ ದಿನಾನೂ ಬಿಡಬಾರದು."

"ತಲಿಯಾಗ ಹುಳಾ ಹ್ಯಾಂಗ ಬರತೈತ್ರಿ?" ಎಂದು ನಮ್ಮವರು ಕೇಳಿದರು.

ಅವರು ಬಿಡಿಸಿ ಹೇಳಿದರು. ಇದು ಹಂದಿಯ ಮಾಂಸದಿಂದ ಮನುಷ್ಯನ ಹೊಟ್ಟೆ ಸೇರುವ ಲಾಡಿಹುಳ. ಅಂಥ ಹುಳ ಹೊಟ್ಟೆಯಲ್ಲಿ ಇದ್ದವರು ಬಯಲಿಗೆ ಹೋದರೆ ಅದರ ತತ್ತಿ ಮಣ್ಣಿಗೆ, ನೀರಿಗೆ ಸೇರುತ್ತದೆ. ಆ ನೀರು ಪಲ್ಲೆಗೆ ತಾಗುತ್ತದೆ. ಪಲ್ಲೆಯನ್ನು ತೊಳೆಯದೆ ಹಸಿಯಾಗಿ ತಿಂದವರ ಹೊಟ್ಟೆಗೆ ತತ್ತಿ ಹೋಗಿ, ರಕ್ತದಲ್ಲಿ ಹರಿದು ತಲೆಯಲ್ಲಿ ಕೂತುಬಿಡುತ್ತದೆ. ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಬರುತ್ತದೆ. ಯಾವಾಗ ಹೋಯಿತು, ಎಲ್ಲಿಂದ ಹೋಯಿತು ಎಂದು ಹೇಳಲಾಗದು. ತಿಂಗಳುಗಳೂ ಆಗಿರಬಹುದು, ವರ್ಷಗಳೂ ಆಗಿರಬಹುದು.

ರೈಲಿನಲ್ಲಿ ರಾಯಬಾಗಕ್ಕೆ ಮರಳುವಾಗ ಕೃಷ್ಣೆಯ ಸೇತುವೆ ದಾಟಿದ ಮೇಲೆ ನಮ್ಮವರು, "ಹಂದಿ ಸುದ್ದಿ ಮನ್ಯಾಗ ತಗೀಬ್ಯಾಡ" ಎಂದರು.

"ಯಾಕ್ರಿ?"

"ನಮ್ಮ ಮಂದಿ ನಿನಗ ಗೊತ್ತಿಲ್ಲೇನ? ಹಂದಿ ಅಂದ್ರ ಸಾಕು, ಎಲ್ಲಿ ತಿಂದ ಬಂದಾಳ ಅಂತಾರ. ಶಂಕ್ರಪ್ಪ ಮಾವಗ ಅಷ್ಟ ಬೇಕಾಗೈತಿ. ಹಸಿ ಪಲ್ಲೆದಾಗಿಂದ ಹುಳಾ ಹೋಗೈತಿ, ಅಷ್ಟ ಹೇಳೂನು."

ನಾನು ಒಪ್ಪಿದೆ. ನನ್ನನ್ನು ಉಳಿಸಲಿಕ್ಕೆಂದೇ ಅವರು ಹಾಗೆ ಯೋಚಿಸಿದ್ದರು. ಆ ಅರ್ಧ ಮಾತು ಯಾರ ಮೇಲೆ ಹೋಗಿ ಬೀಳುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮನೆಗೆ ಬಂದು ಹೇಳಿದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಲಿಲ್ಲ, ಅದು ಒಂದೇ ಬದಿಗೆ ಕಪ್ಪಾಗುವ ತನಕ ಸುಮ್ಮನೆ ನೋಡುತ್ತ ಕುಳಿತರು. "ಹಸಿ ಪಲ್ಲೆದಾಗಿಂದ?" ಎಂದು ಒಮ್ಮೆ ಕೇಳಿದರು. ನಮ್ಮವರು ಹೂಂ ಎಂದರು. ಮರುದಿನ ಮಧ್ಯಾಹ್ನ ತಾಟಿನಲ್ಲಿ ಪಚಡಿ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಮಾವನವರು ಒಂದು ಉಳ್ಳಾಗಡ್ಡಿಯಾದರೂ ಒಡೆದು ಕೊಡು ಎಂದರೆ, ಅತ್ತೆ ಅದನ್ನು ಒಲೆಯಲ್ಲಿ ಸುಟ್ಟು ಕೊಟ್ಟರು. ಪಟ್ಟಿಯ ಮೆಂತ್ಯ ಹೂಬಿಟ್ಟು, ಕಾಯಿ ಹಿಡಿದು, ಹಳದಿಯಾಯಿತು. ಯಾರೂ ಕೀಳಲಿಲ್ಲ.

ಮಿರಜಿಗೆ ಹೋಗಿ ಬಂದ ಮುಂದಿನ ವಾರ ಅವ್ವ ನನ್ನನ್ನು ನೋಡಲು ಒಬ್ಬಳೇ ಬಂದಳು. ನಮ್ಮವರು ಅವಳಿಗೂ ಅದೇ ಮಾತು ಹೇಳಿದರು. ಅವ್ವ ಕೇಳಿಸಿಕೊಂಡವಳೇ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

"ಅಕ್ಕಾರ, ನನ್ನ ಮಗಳು ಫೋನಿನ್ಯಾಗ ಹೇಳತಿದ್ಲು, ಅತ್ತಿ ಪಲ್ಲೆ ತೊಳಿಯಾಕ ಬಿಡಾಂಗಿಲ್ಲ ಅಂತ. ನಾ ನಕ್ಕ ಸುಮ್ಮನಾದ್ನಿ. ತೊಳೀಲಾರದ ಪಲ್ಲೆ ತಿನಿಸಿ ಇಂಥಾ ಹೊತ್ತ ತಂದ್ರಿ. ಮ್ಯಾಲೆ ಮುಚ್ಚಿ ಕೊಟ್ಟಾರ ಅಂತ ನಮ್ಮನ್ನ ಅಂದ್ರಿ."

ಅತ್ತೆ ತಲೆ ಎತ್ತಲಿಲ್ಲ. ಉತ್ತರ ಕೊಟ್ಟಿದ್ದರೆ ಜಗಳವಾಗಿ ಮುಗಿದುಹೋಗುತ್ತಿತ್ತೋ ಏನೋ. ಆಗ ನಮ್ಮವರು, ತಾಯಿಯ ಪರವಾಗಿ, ತಡೆಯಲಾರದೆ ಹೇಳಿಬಿಟ್ಟರು: "ಹಂಗ ಅನಬ್ಯಾಡ್ರಿ ಅತ್ಯಾರ. ವರ್ಷಗಟ್ಟಲೆ ಹಿಂದನೂ ಹೋಗಿರಬಹುದು ಅಂದಾರ ಡಾಕ್ಟರು. ನಿಪ್ಪಾಣ್ಯಾಗ ತಿಂದದ್ದಾದ್ರೂ ಇರಬಹುದು."

ಅವ್ವನ ಮುಖ ನೋಡಲಾಗಲಿಲ್ಲ. ಅವಳು ಸಂತೆಯಲ್ಲಿ ಕೊಂಡ ಸವತಿಕಾಯಿ, ಮೂಲಂಗಿ, ಕೊತ್ತಂಬರಿ ಎಲ್ಲ ಒಂದೊಂದಾಗಿ ಅವಳ ಕಣ್ಣ ಮುಂದೆ ಹಾದು ಹೋಗುತ್ತಿದ್ದಿರಬೇಕು. "ನಾ ತೊಳೀತಿದ್ನಿ" ಎಂದಳು. ಮತ್ತೆ, "ತೊಳೀತಿದ್ನಿ ಅನಸತೈತಿ" ಎಂದಳು. ಉಣ್ಣದೆ ಸಂಜೆಯ ಬಸ್ಸಿಗೆ ಹೋದಳು. ಅಲ್ಲಿಂದ ಮುಂದೆ ಬೀಗತಿಯರಿಬ್ಬರಿಗೂ ಮಾತು ನಿಂತಿತು.

ಗುಳಿಗೆ ನುಂಗಿದರೆ ಇಡೀ ದಿನ ಮಂಪರು. ನಡೆದರೆ ಕಾಲು ಬೇರೆಯವರದು ಅನ್ನಿಸುತ್ತಿತ್ತು. ಅತ್ತೆ ಊಟ ಬಡಿಸುತ್ತಿದ್ದರು, ಗುಳಿಗೆ ಎತ್ತಿ ಕೈಗೆ ಕೊಡುತ್ತಿದ್ದರು, ಆದರೆ ಮಾತಿಲ್ಲ. ನನ್ನ ಮೇಲೆ ಸಿಟ್ಟೋ, ತಮ್ಮ ಮೇಲೆಯೇ ಸಿಟ್ಟೋ ತಿಳಿಯದೆ ನಾನು ಒಳಗೊಳಗೇ ಕೊರಗಿದೆ. ಎಷ್ಟೋ ಸಲ ನಾನೇ ಪೆಟ್ಟಿಗೆ ತುಂಬಿಕೊಂಡು ಅವ್ವನ ಹತ್ತಿರ ಹೋಗಿಬಿಡಲೇ ಅನ್ನಿಸಿತು.

ಮತ್ತೆ ಮಿರಜಿಗೆ ತೋರಿಸಲು ಹೋಗಬೇಕಾದ ಹೊತ್ತಿಗೇ ಕಬ್ಬು ಕಡಿಯುವ ಗ್ಯಾಂಗು ನಮ್ಮ ಹೊಲಕ್ಕೆ ಬಂತು. ಆ ಪಾಳಿ ತಪ್ಪಿಸಿದರೆ ಕಬ್ಬು ನಿಂತಲ್ಲೇ ಒಣಗುತ್ತದೆ; ನಮ್ಮವರು ಬಿಟ್ಟು ಬರುವಂತಿರಲಿಲ್ಲ. ಯಾರನ್ನು ಕಳಿಸುವುದು ಎಂದು ಮಾತಾಡುತ್ತಿರುವಾಗ ಅತ್ತೆ, "ನಾ ಹೋಗತೇನಿ" ಎಂದರು.

ದವಾಖಾನೆಯಲ್ಲಿ ಡಾಕ್ಟರ್ ಬಾಯಿ ನನ್ನ ಕೈ ಕಾಲು ಪರೀಕ್ಷೆ ಮಾಡಿ, ಚೆನ್ನಾಗಿದೆ ಎಂದರು. ಹೊರಡಬೇಕು, ಅತ್ತೆ ಕುರ್ಚಿಯಿಂದ ಏಳಲಿಲ್ಲ.

"ಬಾಯಾರ, ಒಂದ ಮಾತ ಕೇಳತೇನ್ರಿ. ಆ ಹುಳಾ ನನ್ನ ಹೊಲದಾಗಿಂದ ಬಂದದ್ದೇನ್ರಿ?"

ಡಾಕ್ಟರ್ ನನ್ನ ಕಡೆ ನೋಡಿದರು. ನಾನು ತಡೆಯುವ ಮುಂಚೆಯೇ ಎಲ್ಲವನ್ನೂ ಮೊದಲಿಂದ ಹೇಳತೊಡಗಿದರು. ಹಂದಿ, ಲಾಡಿಹುಳ, ಬಯಲು, ನೀರು, ಪಲ್ಲೆ. ಹಂದಿಯ ಹೆಸರು ಬಂದಾಗ ನಾನು ನೆಲ ನೋಡುತ್ತ ಕುಳಿತೆ. ಅತ್ತೆ ನಡುವೆ ಬಾಯಿ ಹಾಕದೆ ಕೇಳಿದರು.

"ಯಾರ ಹೊಲ ಅಂತ ಯಾರಿಗೂ ಹೇಳಾಕ ಬರಾಂಗಿಲ್ಲ ಅಮ್ಮಾರ" ಎಂದು ಡಾಕ್ಟರ್ ಮುಗಿಸಿದರು. "ಇನ್ನ ಮ್ಯಾಲೆ ಉಪ್ಪಿನ ನೀರಾಗ ಇಟ್ಟು, ಹರಿಯೋ ನೀರಾಗ ಚೆಂದಂಗ ತೊಳೀರಿ. ಮನೀ ಮಂದಿ ಕೈ ತೊಳಕೋಬೇಕು. ಬಯಲಿಗೆ ಯಾರೂ ಹೋಗಬಾರದು."

ರೈಲಿನಲ್ಲಿ ನಾವಿಬ್ಬರೂ ಎದುರುಬದುರು ಕುಳಿತೆವು. ಸೇತುವೆ ದಾಟಿದ ಮೇಲೆ ಅತ್ತೆ ಕೇಳಿದರು, "ಹಂದಿ ಸುದ್ದಿ ಯಾಕ ಮುಚ್ಚಿಟ್ರಿ?"

"ನಾ ಎಲ್ಲ್ಯರೆ ತಿಂದ ಬಂದೇನಿ ಅಂತ ತಿಳೀತೀರಂತ..."

ಅವರು ಕಿಟಕಿಯಾಚೆ ನೋಡಿದರು. ನನಗೆ ಹೇಳುವಂತೆ ಅಲ್ಲ, ತಮಗೇ ಹೇಳಿಕೊಳ್ಳುವಂತೆ, "ನಿಮ್ಮ ಮಾವ ಮುಂಜಾನೆ ತಂಬಿಗಿ ತಗೊಂಡು ಎಲ್ಲಿ ಹೋಗತಾನ ಅನ್ನೂದು ನನಗ ಗೊತ್ತೈತಿ. ಕಾಲುವಿ ಮ್ಯಾಲಕಡೆ. ನೀರು ನನ್ನ ಪಟ್ಟಿಗಿ ಅಲ್ಲಿಂದ ಬರತೈತಿ. ಗ್ಯಾಂಗಿನ ಮಂದಿನೂ ಅಲ್ಲೇ, ಊರ ಮಂದಿನೂ ಅಲ್ಲೇ. ಇಷ್ಟ ವರ್ಷ ಕಣ್ಣಿದ್ದೂ ನೋಡಲಿಲ್ಲ" ಎಂದರು.

ಮನೆಯ ಹಿಂದೆ ಒಂದು ಶೌಚಾಲಯವಿತ್ತು. ಹೆಂಗಸರು ಬಳಸುತ್ತಿದ್ದೆವು, ಗಂಡಸರಿಗೆ ಅದು ಉಸಿರುಗಟ್ಟಿದಂತಾಗುತ್ತದಂತೆ. ಅದರ ಅರ್ಧ ಜಾಗದಲ್ಲಿ ಗೊಬ್ಬರದ ಚೀಲ, ನೀರಿನ ಪೈಪು ತುಂಬಿದ್ದರು. ಮಿರಜಿನಿಂದ ಬಂದ ಮರುದಿನ ಅತ್ತೆ ಸೆರಗು ಸಿಕ್ಕಿಸಿ ಎಲ್ಲವನ್ನೂ ಹೊರಗೆ ಎಳೆದು ಹಾಕಿದರು. ಮಾವನವರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು.

"ನಾಳಿಂದ ತಂಬಿಗಿ ಹಿಡಕೊಂಡ ಕಾಲುವಿ ಕಡೆ ಹೊಂಟ್ರಿ ಅಂದ್ರ ನಾ ರೊಟ್ಟಿ ಬಡಿಯಾಂಗಿಲ್ಲ."

"ಈ ವಯಸ್ಸಿನ್ಯಾಗ ನನಗ ಕಲಿಸಾಕತ್ತಿ ಏನ?"

"ಹೌದು, ಕಲಿಸಾಕತ್ತೇನಿ."

ಮಾವನವರು ಎರಡು ದಿನ ಮುನಿಸಿಕೊಂಡು, ಮೂರನೆಯ ದಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ವರ್ಷದಲ್ಲಿ ನನಗೆ ನಗು ಬಂದದ್ದು ಅದೊಂದೇ ಸಲ ಇರಬೇಕು.

ಕಬ್ಬು ಸಾಗಿ ಮುಗಿದ ಮೇಲೆ ಶಂಕ್ರಪ್ಪ ಮಾವ ಮಾತು ಮುಗಿಸಲೆಂದೇ ಬಂದರು. ಹೋಳಿ ಹತ್ತಿರವಿತ್ತು. ಈ ಸಲ ಅತ್ತೆ ನನ್ನನ್ನೂ ಪಡಸಾಲೆಗೆ ಕರೆದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು.

"ಆಕೀನ್ನ ಯಾವಾಗ ಕಳಸತಿ?" ಎಂದು ಅವರು ನೇರವಾಗಿ ಕೇಳಿದರು.

"ಎಲ್ಲಿಗಿ?"

"ತವರಿಗಿ. ನೀ ಏನರೆ ಅನ್ನು ಕಾಶವ್ವಾ, ನಾವೆಲ್ಲಾ ಅದ ಪಲ್ಲೆ ತಿಂದ ಬೆಳದೇವಿ. ಇಕಿಗಷ್ಟ ಯಾಕ ಬಂತು?"

ಆ ಪ್ರಶ್ನೆಯನ್ನು ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೆ.

"ಯಾಕಂತ ಡಾಕ್ಟರ್ ಬಾಯಿಗೇ ಗೊತ್ತಿಲ್ಲ. ನಿನಗ ಗೊತ್ತೈತೇನ?" ಎಂದರು ಅತ್ತೆ. "ಇನ್ನೊಂದ ಕೇಳು ಅಣ್ಣಾ. ಅದು ಹಂದಿ ಹುಳಾ. ಇವರು ನನ್ನ ಮುಂದ ಮುಚ್ಚಿದ್ರು, ನಾ ಮುಚ್ಚೂದಿಲ್ಲ."

ಶಂಕ್ರಪ್ಪ ಮಾವ ಕುಳಿತಲ್ಲಿಂದ ಹಿಂದೆ ಸರಿದರು. "ಶಿವ ಶಿವ. ಹಂದಿ ತಿನ್ನೋರಿಗಿ ಬರೋ ರೋಗ ನಮ್ಮ ಮನ್ಯಾಗ?"

"ತಿನ್ನೋರಿಗಲ್ಲ. ತೊಳೀಲಾರದೋರಿಗಿ. ಕೈ ತುಂಬ ತೊಳೀಲಾರದ ಪಲ್ಲೆ ಕಿತ್ತ ತಂದ ಆಕಿ ತಾಟಿಗಿ ಹಾಕಿದಾಕಿ ನಾನು. ಅದು ಯಾರ ಹೊಲದ್ದು ಅಂತ ಹೇಳಾಕ ಬರಾಂಗಿಲ್ಲ ಅಂದ್ರು. ನನ್ನ ಹೊಲದ್ದಲ್ಲ ಅಂತ ನಾ ಯಾವ ಬಾಯ್ಲೆ ಹೇಳಲಿ? ಆಕಿ ಎಲ್ಲಿಗೂ ಹೋಗೂದಿಲ್ಲ."

"ಹಂಗಾದ್ರ ನನ್ನ ಮಾತಿಗಿ ಕಿಮ್ಮತ್ತಿಲ್ಲ."

"ಈ ಮಾತಿಗಿ ಇಲ್ಲ."

ಅವರು ಕೊಟ್ಟ ಚಹಾ ಕುಡಿಯದೆ ಎದ್ದರು. ಅತ್ತೆ ಅಂಗಳದ ತನಕ ಹಿಂದೆಯೇ ಹೋದರು, ಏನೋ ಹೇಳಲು ನೋಡಿದರು, ಅವರು ನಿಲ್ಲಲಿಲ್ಲ. ಮುಂದಿನ ಎಳ್ಳ ಅಮಾವಾಸ್ಯೆಗೆ ಮುಗಳಖೋಡದಿಂದ ಯಾರೂ ಬರಲಿಲ್ಲ. ಅತ್ತೆ ಜೋಳದ ಹೊಲದಲ್ಲಿ ಎಡೆ ಹಿಡಿದು, ಹಾದಿಯ ಕಡೆಗೇ ಮೇಲಿಂದ ಮೇಲೆ ನೋಡುತ್ತಿದ್ದರು. ಅತ್ತೆಗೆ ತವರು ಎಂದು ಇದ್ದದ್ದು ಆ ಅಣ್ಣನ ಮನೆಯೊಂದೇ.

ನನ್ನ ಗುಳಿಗೆ ಎರಡು ವರ್ಷ ನಡೆಯಿತು. ಆ ಗುಳಿಗೆ ಇರುವ ತನಕ ಮಕ್ಕಳ ವಿಚಾರ ಮುಂದೂಡಿದರೆ ಒಳ್ಳೆಯದು ಎಂದಿದ್ದರು ಡಾಕ್ಟರ್. ಅದಕ್ಕೂ ಜನ ಒಂದು ಮಾತು ಕಟ್ಟಿದರು. ಮದುವೆ ಮುಂಜಿಗಳಿಗೆ ಹೋದರೆ ನನ್ನ ಪಕ್ಕ ಕುಳಿತವರು ಕೂಸುಗಳನ್ನು ಆಚೆಯ ತೊಡೆಗೆ ಸರಿಸಿಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ. ಅದುರು ಮತ್ತೆ ಬರಲಿಲ್ಲ. ಬರುತ್ತದೆಂಬ ಭಯ ಮಾತ್ರ ದಿನವೂ ನನ್ನ ಜೊತೆಗೇ ಏಳುತ್ತಿತ್ತು.

ಆ ಎರಡೂ ವರ್ಷ ನಮ್ಮ ಮನೆಯಲ್ಲಿ ಹಸಿಯಾದದ್ದನ್ನು ಯಾರೂ ತಿನ್ನಲಿಲ್ಲ. ಮೂಲಂಗಿ ಬೇಯಿತು, ಗಜ್ಜರಿ ಬೇಯಿತು, ಮೆಂತ್ಯ ಬೇಳೆಯ ಜೊತೆ ಬೆಂದು ಕಪ್ಪಾಯಿತು. ಅತ್ತೆಯ ಊಟ ಅರ್ಧಕ್ಕೆ ಇಳಿದಿತ್ತು. ರೊಟ್ಟಿ ಮುರಿದು ಬಾಯಿಗಿಟ್ಟು, ನೀರು ಕುಡಿದು ನುಂಗುತ್ತಿದ್ದರು.

ಕೊನೆಗೆ ಡಾಕ್ಟರ್ ಬಾಯಿ ಇನ್ನೊಮ್ಮೆ ಫೋಟೋ ತೆಗೆಸಿ ನೋಡಿ, ಉಂಗುರ ಇದ್ದ ಜಾಗದಲ್ಲಿ ಒಂದು ಚುಕ್ಕೆ ಅಷ್ಟೇ ಉಳಿದಿದೆ ಎಂದರು. ಗುಳಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಒಂದು ದಿನ ಪೂರ್ತಿ ಬಿಡಿಸಿದರು. ಆ ಸುದ್ದಿಯನ್ನು ನಾನು ನಿಪ್ಪಾಣಿಗೆ ಫೋನಿನಲ್ಲಿ ಹೇಳುತ್ತಿದ್ದಾಗ ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಊಟಕ್ಕ ಬಾ ಅನ್ನು ನಿಮ್ಮವ್ವಗ" ಎಂದರು. ತಾವೇ ಮಾತಾಡಲಿಲ್ಲ.

ಅವ್ವ ಬಂದಳು. ಅಂದು ಈಳಿಗೆಯ ಮುಂದೆ ನಾನು ಕುಳಿತೆ. ಮೆಂತ್ಯವನ್ನು ಉಪ್ಪು ನೀರಿನಲ್ಲಿ ನೆನೆಯಿಟ್ಟು, ನಳದ ಕೆಳಗೆ ಒಂದೊಂದೇ ಎಲೆ ತೊಳೆದು, ಬಟ್ಟೆಯ ಮೇಲೆ ಹರವಿ ನೀರು ಆರಿಸಿದೆ. ಎಣ್ಣೆ ಮೊದಲು, ಉಪ್ಪು ಕೊನೆಗೆ. ಇನ್ನೊಂದು ಬೋಗುಣಿಯಲ್ಲಿ ಸವತಿಕಾಯಿ, ಮೊಸರು, ಸಕ್ಕರೆ, ಒಗ್ಗರಣೆ. ಎರಡನ್ನೂ ಮಾಡಬೇಕೆಂದು ನಾನು ಮೊದಲೇ ನಿಶ್ಚಯಿಸಿದ್ದೆ. ಕಲಸುವಾಗ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದೆ. ಬಾಗಿಲಲ್ಲಿ ನಿಂತ ನಮ್ಮವರೂ ಅದನ್ನೇ ನೋಡುತ್ತಿದ್ದರು.

ಎಲ್ಲರ ತಾಟಿಗೂ ಬಡಿಸಿದೆ. ಮಾವನವರು ಮೊದಲ ತುತ್ತಿಗೇ ಕಣ್ಣು ಮುಚ್ಚಿ ಜಗಿದರು. ನಮ್ಮವರು ತಿಂದರು, ನಾನು ತಿಂದೆ. ಅತ್ತೆಯ ತಾಟಿಗೆ ಹಾಕಲು ಹೋದಾಗ ಅವರು ಕೈ ಅಡ್ಡ ಹಿಡಿದರು.

"ನನಗ ಬ್ಯಾಡವಾ. ಹಲ್ಲ ನೋಯಾಕತ್ತಾವ."

ಅವ್ವನ ತಾಟಿಗೆ ಹಾಕಿದ್ದು ಹಾಗೆಯೇ ಇತ್ತು. ಕೇಳಿದರೆ, "ಪಿತ್ತ ಆಗೈತಿ. ನೀ ತಿನ್ನು" ಎಂದು ತನ್ನ ಪಾಲನ್ನು ನನ್ನ ತಾಟಿಗೆ ಸರಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಂದಷ್ಟೇ ಅಲ್ಲ, ಇವತ್ತಿಗೂ ಆ ಇಬ್ಬರ ಬಾಯಿಗೆ ಹಸಿ ಪಲ್ಲೆ ಹೋಗುವುದನ್ನು ನಾನು ಕಂಡಿಲ್ಲ. ಯಾಕೆ ಎಂದು ಕೇಳುವ ಧೈರ್ಯವೂ ನನಗಾಗಿಲ್ಲ.

ಊಟವಾದ ಮೇಲೆ ನಾನು ಪಾತ್ರೆ ತಿಕ್ಕುತ್ತಿದ್ದೆ. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವ್ವ ಕಟ್ಟೆಯ ಒಂದು ತುದಿಗೆ ಕುಳಿತಿದ್ದಳು, ಅತ್ತೆ ಇನ್ನೊಂದು ತುದಿಗೆ. ಹಲ್ಲು ನೋವೆಂದಿದ್ದ ಅತ್ತೆ ಒಂದು ಉದ್ದನೆಯ ಕಬ್ಬನ್ನು ಮಂಡಿಗೆ ಊರಿ ಮುರಿದು, ಆ ಹಲ್ಲಿನಿಂದಲೇ ಸರ್ರನೆ ಸಿಪ್ಪೆ ಸಿಗಿದರು. ಸಿಗಿದ ಗಣಿಕೆಯನ್ನು ತಾವು ತಿನ್ನಲಿಲ್ಲ. ಕೈ ಚಾಚಿ ಅವ್ವನ ಕಡೆ ಹಿಡಿದರು. ಅವ್ವ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಕುಳಿತಲ್ಲಿಂದ ಸರಿದು ಹತ್ತಿರ ಬಂದು, ತೆಗೆದುಕೊಂಡಳು.